ಬಸ್ಸು ಓಡುತ್ತದೆ, ಮೂಗು ಸೋರುತ್ತದೆ: ‘ರನ್’ ಪದದ ಬೆನ್ನು ಹತ್ತಿ

‘ರನ್’ ಅಂದರೇನು ಅಂತ ಕೇಳಿದರೆ ಎರಡನೇ ಕ್ಲಾಸಿನ ಮಗುವೂ ‘ಓಡು’ ಅನ್ನುತ್ತದೆ. ತಪ್ಪೇನಿಲ್ಲ. ಆದರೆ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿಗಾಗಿ ಈ ಪದವನ್ನು ಹೊಸದಾಗಿ ಪರಿಷ್ಕರಿಸಿದಾಗ, ಕ್ರಿಯಾಪದ ಒಂದಕ್ಕೇ 645 ಅರ್ಥಗಳು ಬಂದು ಕುಳಿತವು. ಪರಿಷ್ಕರಿಸಿದ ಪೀಟರ್ ಗಿಲಿವರ್ ಅವರಿಗೆ ಈ ಒಂದು ಪದಕ್ಕೆ ಒಂಬತ್ತು ತಿಂಗಳು ಹಿಡಿಯಿತು. 1989ರ ಎರಡನೇ ಆವೃತ್ತಿಯಲ್ಲಿ 430 ಅರ್ಥಗಳ ‘ಸೆಟ್’ ಎಲ್ಲಕ್ಕಿಂತ ದೊಡ್ಡ ಪದವಾಗಿತ್ತು. ‘ರನ್’ ಅದನ್ನು ಹಿಂದೆ ಹಾಕಿದೆ.

ಇಷ್ಟನ್ನೂ ಬಾಯಿಪಾಠ ಮಾಡುವುದು ಯಾರಿಂದಲೂ ಆಗದು, ಮಾಡಬೇಕಾಗಿಯೂ ಇಲ್ಲ. ಕನ್ನಡಕ್ಕೆ ತರುವಾಗ ‘ರನ್’ ಪದವನ್ನೇ ದಿಟ್ಟಿಸಿಕೊಂಡು ಕೂರಬೇಡಿ, ಅದರ ಪಕ್ಕದಲ್ಲಿ ಯಾರಿದ್ದಾರೆ ನೋಡಿ. ಮೊದಲು ಕರ್ತೃ: ‘ರನ್’ ಆಗುತ್ತಿರುವುದು ಮನುಷ್ಯನೋ, ನೀರೋ, ಯಂತ್ರವೋ, ರಸ್ತೆಯೋ? ಆಮೇಲೆ ಕರ್ಮ: ಯಾವುದನ್ನಾದರೂ ‘ರನ್’ ಮಾಡುತ್ತಿದ್ದಾರೋ, ಅದು ತಾನಾಗಿ ಆಗುತ್ತಿದೆಯೋ? ಕೊನೆಗೆ ಬಾಲ: ‘ಔಟ್’, ‘ಓವರ್’, ‘ಡೌನ್’, ‘ಅಪ್’ ಏನಾದರೂ ಅಂಟಿಕೊಂಡಿದೆಯೋ? ಈ ಮೂರನ್ನು ನೋಡಿದರೆ ಕನ್ನಡದ ಕ್ರಿಯಾಪದ ಹೆಚ್ಚಾಗಿ ತಾನೇ ಬಾಯಿಗೆ ಬರುತ್ತದೆ.

ಕುದುರೆ ಓಡುತ್ತದೆ, ಬಸ್ಸೂ ಓಡುತ್ತದೆ, ಸಿನಿಮಾನೂ ನೂರು ದಿನ ಓಡುತ್ತದೆ. ಇಲ್ಲಿಯವರೆಗೆ ಎರಡೂ ಭಾಷೆ ಜೊತೆಯಲ್ಲೇ ಹೋಗುತ್ತವೆ. ಮುಂದೆ ದಾರಿ ಬೇರೆಯಾಗುತ್ತದೆ. ನದಿ ಹರಿಯುತ್ತದೆ. ಮೂಗು ಸೋರುತ್ತದೆ. ಹೊಸ ಬಟ್ಟೆ ತೊಳೆದರೆ ಬಣ್ಣ ಬಿಡುತ್ತದೆ. ರಸ್ತೆ ಊರ ನಡುವೆ ಹಾದುಹೋಗುತ್ತದೆ. ಹೋಟೆಲ್ಲನ್ನು ನಡೆಸುತ್ತಾರೆ. ಮಗುವಿಗೆ ಜ್ವರ ಬಂದಿರುತ್ತದೆ. ಪತ್ರಿಕೆ ಸುದ್ದಿಯನ್ನು ಪ್ರಕಟಿಸುತ್ತದೆ. ಮೊಬೈಲಿನ ಚಾರ್ಜ್ ಹತ್ತು ಗಂಟೆ ಬರುತ್ತದೆ. ಇಂಗ್ಲಿಷಿನವರು ಇಷ್ಟಕ್ಕೂ ‘ರನ್’ ಒಂದರಲ್ಲೇ ಕೆಲಸ ಮುಗಿಸುತ್ತಾರೆ. ಜಾಹೀರಾತು, ಮೊಬೈಲ್ ಆ್ಯಪ್‌ಗಳ ಅನುವಾದದಲ್ಲಿ ‘ಬ್ಯಾಟರಿ ಹತ್ತು ಗಂಟೆಗಳ ಕಾಲ ಚಲಿಸುತ್ತದೆ’ ಎಂಬಂಥ ವಾಕ್ಯ ಹುಟ್ಟುವುದು, ಪಕ್ಕದ ‘ಬ್ಯಾಟರಿ’ಯನ್ನು ನೋಡದೆ ‘ರನ್’ ಒಂದನ್ನೇ ನಿಘಂಟಿನಲ್ಲಿ ಹುಡುಕಿದ್ದರಿಂದ.

ಚುನಾವಣೆಯದು ನನಗೆ ಬಲು ಇಷ್ಟವಾದ ಉದಾಹರಣೆ. ಅಮೆರಿಕದಲ್ಲಿ ಅಭ್ಯರ್ಥಿ ಚುನಾವಣೆಗೆ ‘ರನ್’ ಮಾಡುತ್ತಾನೆ, ಬ್ರಿಟನ್ನಿನಲ್ಲಿ ‘ಸ್ಟ್ಯಾಂಡ್’ ಮಾಡುತ್ತಾನೆ. ನಮ್ಮಲ್ಲಿ ‘ಈ ಸಲ ಯಾರು ನಿಂತಿದ್ದಾರೆ?’ ಅಂತಲೇ ಕೇಳುವುದು. ಅಮೆರಿಕದ ಓಟ ಕನ್ನಡಕ್ಕೆ ಬಂದಾಗ ನಿಲ್ಲಬೇಕು, ಇಲ್ಲವೇ ಕಣಕ್ಕಿಳಿಯಬೇಕು.

ಇಷ್ಟೊಂದು ಅರ್ಥ ಬಂದದ್ದು ಹೇಗೆ? ಹಳೆಯ ಇಂಗ್ಲಿಷಿನ ‘ರಿನ್ನನ್’ ಪದಕ್ಕೆ ಕಾಲಿನಿಂದ ಓಡುವುದು, ನೀರು ಹರಿಯುವುದು ಎರಡೂ ಅರ್ಥ ಇದ್ದವು. ಅದರ ಸೋದರ ಪದ ‘ರಿನ್ನೆನ್’ ಇಂದಿನ ಜರ್ಮನ್ನಿನಲ್ಲಿ ಹರಿಯುವುದಕ್ಕೇ ಉಳಿದುಕೊಂಡಿದೆ. ಓಡುವುದಕ್ಕೂ ಹರಿಯುವುದಕ್ಕೂ ಒಂದೇ ಪದವಾದ ಮೇಲೆ, ತಡೆಯಿಲ್ಲದೆ ಮುಂದುವರಿಯುವ ಎಲ್ಲವೂ ಅದರ ಕೆಳಗೆ ಬರುವುದು ಸಹಜ.

ಕನ್ನಡದಲ್ಲೂ ಹೀಗೇ ಆಗಿತ್ತು. ಹಳಗನ್ನಡದ ‘ಪರಿ’ ಪದಕ್ಕೆ ಓಡು, ಹರಿ ಎರಡೂ ಅರ್ಥ. ಪಕಾರ ಹಕಾರವಾಗಿ ಅದು ‘ಹರಿ’ ಆಯಿತು, ಓಡುವ ಕೆಲಸವನ್ನು ಬಹುಮಟ್ಟಿಗೆ ‘ಓಡು’ಗೆ ಬಿಟ್ಟುಕೊಟ್ಟು ನೀರಿನ ಜೊತೆ ಉಳಿಯಿತು. ಆದರೂ ಹಳೆಯ ಅರ್ಥ ಪೂರ್ತಿ ಸತ್ತಿಲ್ಲ. ‘ಲಾರಿ ಹರಿದು ಬೈಕ್ ಸವಾರ ಸಾವು’ ಎಂಬ ತಲೆಬರಹ ನೋಡಿ. ಅಲ್ಲಿ ಲಾರಿ ಚಿಂದಿಯಾಗಿಲ್ಲ, ಸವಾರನ ಮೇಲೆ ಹಾದುಹೋಗಿದೆ. ಇಂಗ್ಲಿಷಿನ ‘ರನ್ ಓವರ್’ಗೆ ಇದಕ್ಕಿಂತ ಸರಿಯಾದ ಕನ್ನಡ ಇಲ್ಲ. ಪುಟದ ಮೇಲೆ ‘ದೃಷ್ಟಿ ಹರಿಸು’ ಅನ್ನುವುದೂ ಇದೇ ಜಾತಿಯದು. ಬಟ್ಟೆ ಹರಿಯುವ ‘ಹರಿ’ ಬೇರೆ ಪದ. ಹಿಂದೆ ಅದನ್ನು ಶಕಟರೇಫದ ‘ಱ’ದಿಂದ ಬರೆಯುತ್ತಿದ್ದರು. ಆ ಅಕ್ಷರ ಬಳಕೆಯಿಂದ ಹೋದಮೇಲೆ ಎರಡೂ ಒಂದೇ ರೂಪಕ್ಕೆ ಬಂದವು.

ಸಮಾನಾರ್ಥಕಗಳ ವಿಷಯದಲ್ಲಿ ಎಡವುವುದು ಸುಲಭ. ಇಂಗ್ಲಿಷ್ ಪರ್ಯಾಯಪದ ಕೋಶದಲ್ಲಿ ‘ರನ್’ ತೆಗೆದರೆ ಸ್ಪ್ರಿಂಟ್, ಜಾಗ್, ಡ್ಯಾಶ್, ಬೋಲ್ಟ್, ಫ್ಲೀ ಎಲ್ಲ ಒಂದೇ ಸಾಲಿನಲ್ಲಿ ಕೂತಿರುತ್ತವೆ. ಒಂದರ ಜಾಗಕ್ಕೆ ಇನ್ನೊಂದನ್ನು ಕೂರಿಸಿದರೆ ವಾಕ್ಯ ಕೆಡುತ್ತದೆ. ಸ್ಪ್ರಿಂಟ್ ಅಂದರೆ ಸ್ವಲ್ಪ ದೂರಕ್ಕೆ ಇದ್ದ ಬಲವನ್ನೆಲ್ಲ ಹಾಕಿ ಓಡುವುದು, ಮ್ಯಾರಥಾನಿನ 42.195 ಕಿಲೋಮೀಟರನ್ನು ಯಾರೂ ಸ್ಪ್ರಿಂಟ್ ಮಾಡುವುದಿಲ್ಲ. ಜಾಗ್ ಆರಾಮದ ಓಟ. ಡ್ಯಾಶ್‌ನಲ್ಲಿ ಅವಸರ ಇದೆ, ಭಯ ಇರಲೇಬೇಕೆಂದಿಲ್ಲ. ಬೋಲ್ಟ್ ಅಂದರೆ ಬೆದರಿದ ಕುದುರೆಯಂತೆ ಇದ್ದಕ್ಕಿದ್ದ ಹಾಗೆ ಕಿತ್ತುಕೊಂಡು ಓಡುವುದು. ಫ್ಲೀ ಅಂದರೆ ಅಪಾಯದಿಂದ ತಪ್ಪಿಸಿಕೊಂಡು ಪಲಾಯನ ಮಾಡುವುದು. ಕಾಲಿನಲ್ಲೇ ಓಡಬೇಕೆಂದಿಲ್ಲ, ವಿಮಾನ ಹತ್ತಿ ದೇಶ ಬಿಟ್ಟರೂ ಅದು ಫ್ಲೀ.

ನೀರಿನ ಕಡೆ ಇನ್ನೂ ಸೂಕ್ಷ್ಮ. ನಲ್ಲಿಯ ಮುಂದೆ ನಿಂತು ಸ್ವಲ್ಪಸ್ವಲ್ಪವೇ ತಿರುಗಿಸಿ ನೋಡಿ. ಮೊದಲು ತೊಟ್ಟಿಕ್ಕುತ್ತದೆ, ಅದು ‘ಡ್ರಿಪ್’. ಸಣ್ಣ ಎಳೆಯಾಗಿ ಇಳಿದರೆ ‘ಟ್ರಿಕಲ್’. ಒಂದೇ ಸಮ ಧಾರೆಯಾದರೆ ಅದು ‘ರನ್’. ರಭಸವಾಗಿ ನುಗ್ಗಿದರೆ ‘ಗಶ್’. ಕೊಳವೆಯ ಬೆಸುಗೆಯಿಂದ ಬರಬಾರದ ನೀರು ಬಂದರೆ ಅದು ‘ಲೀಕ್’, ಧಾರೆ ಎಷ್ಟೇ ಇರಲಿ. ‘ನಲ್ಲಿ ಲೀಕ್ ಆಗ್ತಿದೆ’ ಅಂದರೆ ಪ್ಲಂಬರನ್ನು ಕರೆಸಬೇಕು. ‘ನಲ್ಲಿ ರನ್ನಿಂಗ್’ ಅಂದರೆ ಯಾರೋ ನಿಲ್ಲಿಸದೆ ಹೋಗಿದ್ದಾರೆ, ತಿರುಗಿಸಿದರೆ ಸಾಕು.

ಇನ್ನು ಬಾಲಗಳು. ‘ರನ್ ಔಟ್’ ಅಂದರೆ ಮುಗಿದುಹೋಗುವುದು, ‘ರನ್ ಶಾರ್ಟ್’ ಅಂದರೆ ಸಾಲದಾಗುವುದು. ಮದುವೆಮನೆಯಲ್ಲಿ ಅನ್ನ ‘ಶಾರ್ಟ್’ ಆದರೆ ಇನ್ನೊಂದು ಹಂಡೆ ಇಡಲು ಹೊತ್ತಿದೆ, ‘ಔಟ್’ ಆದರೆ ಪಂಕ್ತಿ ಆಗಲೇ ನಿಂತಿದೆ. ‘ರನ್ ಡೌನ್’ ಒಂದಕ್ಕೇ ಐದು ಮುಖ: ಬ್ಯಾಟರಿ ಇಳಿಯುವುದು, ಮನುಷ್ಯ ಬಳಲಿ ಸೊರಗುವುದು, ವಾಹನ ಗುದ್ದಿ ಬೀಳಿಸುವುದು, ಒಬ್ಬರನ್ನು ಹೀಗಳೆಯುವುದು, ಹುಡುಕಾಡಿ ಪತ್ತೆಹಚ್ಚುವುದು. ‘ರನ್ ಅಪ್’ಗೆ ಬಾಕಿ ಸೇರಿದರೆ ಸಾಲ ಬೆಳೆಸುವುದು, ಬಟ್ಟೆ ಸೇರಿದರೆ ಬೇಗಬೇಗ ಹೊಲಿದುಕೊಡುವುದು, ಬಾವುಟ ಸೇರಿದರೆ ಏರಿಸುವುದು. ‘ರನ್‌ಆಫ್’ ಕೃಷಿ ಲೇಖನದಲ್ಲಿ ಬಂದರೆ ಭೂಮಿಗೆ ಇಂಗದೆ ಹರಿದುಹೋಗುವ ಮಳೆನೀರು. ಫ್ರಾನ್ಸಿನ ಅಧ್ಯಕ್ಷರ ಚುನಾವಣೆಯ ಸುದ್ದಿಯಲ್ಲಿ ಬಂದರೆ, ಮೊದಲ ಸುತ್ತಿನಲ್ಲಿ ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬೀಳದಿದ್ದಾಗ ಮೊದಲಿಬ್ಬರ ನಡುವೆ ನಡೆಯುವ ಎರಡನೇ ಸುತ್ತು.

ಒಂದು ಕಡೆಯಂತೂ ತಪ್ಪಿದರೆ ವರ್ಷಗಳ ಲೆಕ್ಕವೇ ತಪ್ಪುತ್ತದೆ. ನ್ಯಾಯಾಲಯದ ಆದೇಶದಲ್ಲಿ ಎರಡು ಶಿಕ್ಷೆಗಳು ‘ರನ್ ಕನ್ಕರೆಂಟ್ಲಿ’ ಎಂದಿದ್ದರೆ ಎರಡನ್ನೂ ಏಕಕಾಲಕ್ಕೆ ಅನುಭವಿಸಬೇಕು. ‘ಕಾನ್ಸಿಕ್ಯುಟಿವ್ಲಿ’ ಎಂದಿದ್ದರೆ ಒಂದು ಮುಗಿದ ಮೇಲೆ ಇನ್ನೊಂದು. ಮೂರು ವರ್ಷ, ಐದು ವರ್ಷದ ಎರಡು ಶಿಕ್ಷೆಗಳಿದ್ದರೆ ಮೊದಲ ರೀತಿಯಲ್ಲಿ ಒಟ್ಟು ಐದು, ಎರಡನೆಯದರಲ್ಲಿ ಎಂಟು. ‘ಜೊತೆಜೊತೆಯಾಗಿ’, ‘ಒಂದಾದ ಮೇಲೊಂದು’ ಎಂದು ಬಿಡಿಸಿಯೇ ಬರೆಯಬೇಕು. ‘ಶಿಕ್ಷೆಗಳು ನಡೆಯತಕ್ಕದ್ದು’ ಅಂತ ಬರೆದರೆ ಓದಿದವರಿಗೆ ಏನೂ ತಿಳಿಯದು.

ನಾಮಪದವಾಗಿ ನಮಗೆ ಹೆಚ್ಚು ಬಳಕೆಯದು ಕ್ರಿಕೆಟ್ಟಿನ ರನ್. ಪಿಚ್ಚಿನ ಉದ್ದ ವಿಕೆಟ್ಟಿನಿಂದ ವಿಕೆಟ್ಟಿಗೆ 22 ಗಜ, ಅಂದರೆ 66 ಅಡಿ. ಆದರೆ ಬ್ಯಾಟರ್ ದಾಟಬೇಕಾದ ಗೆರೆ ಎರಡೂ ತುದಿಯಲ್ಲಿ ವಿಕೆಟ್ಟಿಗಿಂತ ನಾಲ್ಕು ನಾಲ್ಕು ಅಡಿ ಮುಂದಿದೆ. ಹಾಗಾಗಿ ಒಂದು ರನ್ನಿಗೆ ದಾಟಬೇಕಾದದ್ದು 58 ಅಡಿ. ಚೆಂಡು ಬೌಂಡರಿ ಗೆರೆ ಮುಟ್ಟಿದರೆ ಓಡದೆಯೂ ನಾಲ್ಕು ರನ್ ಸಿಗುತ್ತದೆ. ಕನ್ನಡದಲ್ಲಿ ಇದಕ್ಕೆ ‘ಓಟ’ ಎಂಬ ಪದವೂ ಬಳಕೆಯಲ್ಲಿತ್ತು, ಆದರೆ ಓಡದೆ ಸಿಕ್ಕಿದ ನಾಲ್ಕನ್ನು ‘ನಾಲ್ಕು ಓಟ’ ಅನ್ನಲು ನಾಲಿಗೆ ಹಿಂಜರಿಯುತ್ತದೆ. ಇಲ್ಲಿ ‘ರನ್’ ಪದವನ್ನೇ ಉಳಿಸಿಕೊಂಡದ್ದು ಸರಿಯಾದ ಆಯ್ಕೆ ಅನ್ನಿಸುತ್ತದೆ.

ಮನೆ ಕಟ್ಟುವವರು ಎದುರಿಸಲೇಬೇಕಾದ ಇನ್ನೊಂದು ‘ರನ್’ ಇದೆ: ರನ್ನಿಂಗ್ ಫೀಟ್. ಗ್ರಾನೈಟ್ ಅಂಚು ಪಾಲಿಶ್, ಸ್ಕರ್ಟಿಂಗ್, ಕಾಂಪೌಂಡ್ ಗೋಡೆ, ಪೈಪ್ ಇವಕ್ಕೆಲ್ಲ ಈ ಲೆಕ್ಕದಲ್ಲಿ ದರ ಹೇಳುತ್ತಾರೆ. ಇದರಲ್ಲಿ ಉದ್ದ ಮಾತ್ರ ಲೆಕ್ಕಕ್ಕೆ ಬರುತ್ತದೆ, ಅಗಲ ಬರುವುದಿಲ್ಲ. ಅಡುಗೆಮನೆಯ ಕಟ್ಟೆ ಹತ್ತು ಅಡಿ ಉದ್ದ, ಎರಡು ಅಡಿ ಅಗಲ ಇದ್ದರೆ ರನ್ನಿಂಗ್ ಲೆಕ್ಕದಲ್ಲಿ ಅದು ಹತ್ತು, ಚದರಡಿ ಲೆಕ್ಕದಲ್ಲಿ ಇಪ್ಪತ್ತು. ಕಲ್ಲಿಗೆ ಚದರಡಿ ದರ, ಅಂಚಿನ ಪಾಲಿಶ್‌ಗೆ ರನ್ನಿಂಗ್ ದರ ಇದ್ದಾಗ ಎರಡನ್ನೂ ಬರೀ ‘ಅಡಿಗೆ ಇಷ್ಟು’ ಅಂತ ಕೇಳಿಸಿಕೊಂಡು ಬಂದರೆ ಬಿಲ್ ಬಂದಾಗ ಜಗಳ ಖಂಡಿತ. ಕೊಟೇಶನ್ ಚೀಟಿಯಲ್ಲಿ ಪ್ರತಿಯೊಂದರ ಮುಂದೆಯೂ ಯಾವ ಅಡಿ ಅಂತ ಬರೆಸಿಕೊಳ್ಳಿ.

ಬ್ಯಾಂಕಿನ ಮೇಲೆ ‘ರನ್’ ಆಯಿತು ಅಂದರೆ, ಹಣ ಮುಳುಗೀತೆಂಬ ಭಯಕ್ಕೆ ಠೇವಣಿದಾರರೆಲ್ಲ ಒಟ್ಟಿಗೆ ಮುಗಿಬಿದ್ದರು ಎಂದರ್ಥ. ಪುಸ್ತಕದ ‘ಪ್ರಿಂಟ್ ರನ್’ ನಮ್ಮ ಪುಸ್ತಕಗಳ ಒಳಪುಟದಲ್ಲಿ ‘ಪ್ರತಿಗಳು: 1000’ ಎಂದು ಕಾಣುವ ಸಂಖ್ಯೆ. ‘ಥ್ರೀ ಡೇಸ್ ರನ್ನಿಂಗ್’ ಅಂದರೆ ಸತತ ಮೂರು ದಿನ.

ವ್ಯಾಕರಣದ ಒಂದು ಮಾತು ಹೇಳಲೇಬೇಕು. ರನ್, ರ್‍ಯಾನ್, ರನ್: ಮೂರನೇ ರೂಪ ಮತ್ತೆ ಮೊದಲಿನದೇ. ‘ಹ್ಯಾವ್ ರ್‍ಯಾನ್’ ಎಂಬ ತಪ್ಪು ಚೆನ್ನಾಗಿ ಇಂಗ್ಲಿಷ್ ಬಲ್ಲವರ ಬರಹದಲ್ಲೂ ನುಸುಳುತ್ತದೆ, ಏಕೆಂದರೆ ಭೂತಕಾಲ ಅಂದ ಕೂಡಲೇ ಕಿವಿ ‘ರ್‍ಯಾನ್’ ಬಯಸುತ್ತದೆ. ‘ಹ್ಯಾವ್’, ‘ಹ್ಯಾಸ್’, ‘ಹ್ಯಾಡ್’ ಮುಂದಿದ್ದರೆ ‘ರನ್’ ಮಾತ್ರ. ‘ಕಮ್, ಕೇಮ್, ಕಮ್’ ಕೂಡ ಇದೇ ಅಚ್ಚಿನದು. ಎರಡನ್ನೂ ಜೊತೆಗೆ ಕಲಿತರೆ ಮರೆಯುವುದಿಲ್ಲ.

ಕನ್ನಡದಿಂದ ಇಂಗ್ಲಿಷಿಗೆ ಹೋಗುವಾಗಲೂ ಇದೇ ಎಚ್ಚರ ಬೇಕು. ‘ಯಾಕೋ ತಲೆ ಓಡ್ತಿಲ್ಲ’ ಎಂಬುದನ್ನು ‘ರನ್’ ಹಾಕಿ ಹೇಳಿದರೆ ಇಂಗ್ಲಿಷಿನವರಿಗೆ ಅರ್ಥವಾಗದು. ಅವರ ತಲೆ ‘ವರ್ಕ್’ ಆಗುತ್ತದೆ. ‘ಮಾತು ಎತ್ತಲೋ ಓಡ್ತು’ ಅಂದರೆ ಅವರದು ‘ಡ್ರಿಫ್ಟ್’, ದೋಣಿ ತೇಲಿಹೋದ ಹಾಗೆ. ‘ನಿಮ್ಮ ಗಾಡಿ ಎಷ್ಟು ಓಡಿದೆ?’ ಎಂಬ ನಮ್ಮ ನಿತ್ಯದ ಪ್ರಶ್ನೆಯಲ್ಲೂ ಅವರು ‘ರನ್’ ತರುವುದಿಲ್ಲ, ‘ಮೈಲೇಜ್’ ಎಷ್ಟು ಅನ್ನುತ್ತಾರೆ. ಆ ಮೈಲೇಜ್ ಪದ ನಮ್ಮ ಊರಿಗೆ ಬಂದು, ಲೀಟರಿಗೆ ಎಷ್ಟು ಕಿಲೋಮೀಟರ್ ಕೊಡುತ್ತದೆ ಎಂಬ ಲೆಕ್ಕಕ್ಕೆ ನಿಂತುಬಿಟ್ಟಿದೆ.