ಪದಬಂಧದ ತಾಣಕ್ಕೆ ಜನ ಸೇರಿಸುವ ಕೆಲಸ: ಮೂರು ತಿಂಗಳ ದಿನಚರಿ

ಅಮ್ಮ ಪದಬಂಧ ಕಟ್ಟುತ್ತಾರೆ. ತಮ್ಮ ಅದನ್ನು ಫೋನಿನಲ್ಲಿ ಬಿಡಿಸುವ ಹಾಗೆ ನಮ್ಮ ಜಾಲತಾಣಕ್ಕೆ ಹಾಕುತ್ತಾನೆ. ಜನರಿಗೆ ತಲುಪಿಸುವುದು ನನ್ನ ಪಾಲಿನ ಕೆಲಸ. ಶುರು ಮಾಡಿ ಒಂದು ವರ್ಷವಾದರೂ ದಿನಕ್ಕೆ ನಲವತ್ತು ಜನ ದಾಟಿರಲಿಲ್ಲ. ಬರುವವರಲ್ಲಿ ಹೆಚ್ಚಿನವರು ನೆಂಟರು, ಅಮ್ಮನ ಹಳೆಯ ವಿದ್ಯಾರ್ಥಿಗಳು. ಅಮ್ಮ ಮೂವತ್ತು ವರ್ಷ ಕನ್ನಡ ಪಾಠ ಮಾಡಿದವರು, ಒಂದೊಂದು ಸುಳಿವಿಗೂ ಅರ್ಧ ಗಂಟೆ ಕೂರುತ್ತಾರೆ. ಅಷ್ಟು ಆಸೆಯಿಂದ ಮಾಡಿದ್ದು ಬೆಂಗಳೂರಿನಲ್ಲಿ ಕನ್ನಡ ಓದುವವರ ಕೈ ಸೇರಲೇಬೇಕು ಅಂತ ನನಗೆ ಹಟ.

ಸೆಪ್ಟೆಂಬರ್ ಕೊನೆಗೆ 12,000 ರೂಪಾಯಿ ತೆಗೆದಿಟ್ಟೆ. ಅದರಲ್ಲಿ ಆನ್‌ಲೈನ್ ಜಾಹೀರಾತು, ಕಾಗದದ ಜಾಹೀರಾತು ಎರಡನ್ನೂ ಮಾಡಿ ನೋಡುವುದು ಅಂತ ಮೂವರೂ ಕೂತು ಮಾತಾಡಿಕೊಂಡೆವು. ಎಷ್ಟು ಜನ ಬಂದರು ಅನ್ನುವುದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಂದು ಪದಬಂಧ ಪೂರ್ತಿ ಬಿಡಿಸಿದವರು ಎಷ್ಟು, ಅವರಲ್ಲಿ ಮುಂದಿನ ಭಾನುವಾರ ಮತ್ತೆ ಬಂದವರು ಎಷ್ಟು, ಇವೆರಡನ್ನೇ ಪುಸ್ತಕದಲ್ಲಿ ಬರೆಯುವುದು.

ಅಕ್ಟೋಬರ್ 5

ಗೂಗಲ್ ಹುಡುಕಾಟದ ಜಾಹೀರಾತಿಗೆ 3,000 ರೂಪಾಯಿ ತುಂಬಿದೆ. 18% ಜಿಎಸ್‌ಟಿ ಕಳೆದು ಜಾಹೀರಾತಿಗೆ ಉಳಿದದ್ದು ಸುಮಾರು 2,540. ಮೊದಲ ಸಲ ಮಾಡುವವರು ಇದನ್ನು ಮೊದಲೇ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಅಕ್ಟೋಬರ್ 8

ಮೂರು ದಿನಕ್ಕೆ 210 ಕ್ಲಿಕ್. ಪದಬಂಧ ಪೂರ್ತಿ ಬಿಡಿಸಿದವರು ಒಬ್ಬರೂ ಇಲ್ಲ. ಎರಡು ಮೂರು ಸೆಕೆಂಡಿಗೆ ಎಲ್ಲರೂ ವಾಪಸ್. ಜಾಹೀರಾತು ಎಲ್ಲೆಲ್ಲಿ ಕಾಣಿಸಿತು ಅನ್ನುವ ಪಟ್ಟಿ ತೆಗೆದು ನೋಡಿದರೆ ಮುಕ್ಕಾಲು ಪಾಲು ಮಕ್ಕಳು ಆಡುವ ಗೇಮ್ ಆ್ಯಪ್‌ಗಳು. ಹುಡುಕಾಟದ ಜಾಹೀರಾತು ಹಾಕುವಾಗ ಡಿಸ್‌ಪ್ಲೇ ನೆಟ್‌ವರ್ಕ್ ಅನ್ನುವ, ಅಂದರೆ ಬೇರೆ ತಾಣ, ಆ್ಯಪ್‌ಗಳಲ್ಲೂ ತೋರಿಸು ಅನ್ನುವ ಇನ್ನೊಂದು ಪೆಟ್ಟಿಗೆಗೂ ಮೊದಲೇ ಟಿಕ್ ಬಿದ್ದಿತ್ತು. ನಾನು ಅದನ್ನು ತೆಗೆದಿರಲಿಲ್ಲ. ಆಟದ ಮಧ್ಯೆ ಮಗುವಿನ ಬೆರಳು ತಾಗಿದರೂ ಅದು ಒಂದು ಕ್ಲಿಕ್, ಅದಕ್ಕೂ ದುಡ್ಡು ಹೋಗುತ್ತದೆ. ತಕ್ಷಣ ಟಿಕ್ ತೆಗೆದೆ. ಊರಿನ ಆಯ್ಕೆಯನ್ನೂ ಬದಲಾಯಿಸಿದೆ. ಬೆಂಗಳೂರಿನ ಬಗ್ಗೆ ಆಸಕ್ತಿ ಇರುವವರಿಗೂ ತೋರಿಸು ಅಂತಿತ್ತು. ಬೆಂಗಳೂರಿನಲ್ಲಿ ಇರುವವರಿಗೆ ಮಾತ್ರ ಅಂತ ಮಾಡಿದೆ.

ಅಕ್ಟೋಬರ್ 16

ಈಗ ಕ್ಲಿಕ್ ಕಡಿಮೆ, ಆದರೆ ಬರುವವರು ಕೂತು ಬಿಡಿಸುತ್ತಿದ್ದಾರೆ. ಜನ ಏನಂತ ಹುಡುಕಿ ಬಂದರು ಅನ್ನುವ ಪಟ್ಟಿಯನ್ನು ದಿನಾ ಸಂಜೆ ನೋಡುತ್ತೇನೆ. ಅದರಲ್ಲಿ ಎರಡು ಗುಂಪು. ಒಂದು ಗುಂಪಿಗೆ ಬೇಕಾಗಿದ್ದು ಬೆಳಗಿನ ಪೇಪರಿನ ಪದಬಂಧದ ಉತ್ತರ. ಅವರಿಗೆ ನಮ್ಮ ಹತ್ತಿರ ಏನೂ ಇಲ್ಲ. ‘ಉತ್ತರ’ ಅನ್ನುವ ಪದ ಇದ್ದರೆ ಜಾಹೀರಾತು ತೋರಿಸಬೇಡ ಅಂತ ನೆಗೆಟಿವ್ ಪಟ್ಟಿಗೆ ಸೇರಿಸಿದೆ. ಇನ್ನೊಂದು ಗುಂಪು ನಿಜವಾಗಿ ಆಡಲು ಬಂದವರು. ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಪದಬಂಧ ಅಂತ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡುತ್ತಾರೆ. ನಮ್ಮ ಪುಟಗಳ ತಲೆಬರಹ ಪೂರ್ತಿ ಕನ್ನಡ ಲಿಪಿಯಲ್ಲಿತ್ತು. ಹಾಗಾಗಿ ಪ್ರತಿ ಪುಟದಲ್ಲೂ ಇಂಗ್ಲಿಷ್ ಅಕ್ಷರದ ಒಂದು ಸಾಲು ಸೇರಿಸಿದೆವು. ಜಾಹೀರಾತು ಒತ್ತದೆಯೂ ಇದರಿಂದ ಜನ ಬರುತ್ತಿದ್ದಾರೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಇನ್‌ಸ್ಟಾಗ್ರಾಂನಲ್ಲಿ 1,500 ಹಾಕಿ ಒಂದು ರೀಲ್ ಬೂಸ್ಟ್ ಮಾಡಿದ್ದೆ. ಲೈಕ್ ಬಂತು, ಬಿಡಿಸುವವರು ಬರಲಿಲ್ಲ. ಅಲ್ಲಿಗೆ ಅದನ್ನು ಬಿಟ್ಟೆ.

ಅಕ್ಟೋಬರ್ 22

ಕಾಗದದ ಕಡೆ ಬಂದೆ. ಗೋಡೆಗೆ, ಕಂಬಕ್ಕೆ ಪೋಸ್ಟರ್ ಅಂಟಿಸುವ ಮಾತು ಮೊದಲ ದಿನವೇ ಬಿಟ್ಟಿದ್ದೆವು. ಸಾರ್ವಜನಿಕ ಜಾಗದ ಅಂದ ಕೆಡಿಸುವುದನ್ನು ತಡೆಯುವ ಕಾಯ್ದೆ ಕರ್ನಾಟಕದಲ್ಲಿ 1981ರಿಂದಲೇ ಇದೆ. 2018ರಲ್ಲಿ ಹೈಕೋರ್ಟ್ ಗದರಿಸಿದ ಮೇಲೆ ಪಾಲಿಕೆಯವರು ಊರಿನ ಫ್ಲೆಕ್ಸ್‌ಗಳನ್ನೆಲ್ಲ ಕಿತ್ತು ಹಾಕಿದ್ದು ನೆನಪಿದೆ ಅಲ್ವಾ? ಕಾಯ್ದೆ ಇರಲಿ ಬಿಡಲಿ, ಕನ್ನಡದ ಒಂದು ಕೆಲಸಕ್ಕಾಗಿ ನಮ್ಮೂರಿನ ಗೋಡೆ ಗಲೀಜು ಮಾಡಲು ನನಗೆ ಮನಸ್ಸಿಲ್ಲ.

ಬೆಳಗಿನ ಪೇಪರಿನ ಒಳಗೆ ಇಡಿಸಲು 1,000 ಪಾಂಪ್ಲೆಟ್ ಮಾಡಿಸೋಣ ಅಂತ ಸುಲ್ತಾನ್‌ಪೇಟೆಯ ಒಂದು ಪ್ರೆಸ್ಸಿಗೆ ಹೋದೆ. ಅಲ್ಲಿನ ಕಂಪ್ಯೂಟರಿನಲ್ಲಿ ಇದ್ದದ್ದು ಪುಟ ವಿನ್ಯಾಸ ಮಾಡುವ ತಂತ್ರಾಂಶ, ಹಳೆಯ ಕೋರಲ್‌ಡ್ರಾ. ಅವರು ಕೆಲಸ ಮಾಡುವುದು ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ, ನಮ್ಮ ಫೈಲ್ ಈಗ ಫೋನು, ಕಂಪ್ಯೂಟರ್ ಎಲ್ಲದರಲ್ಲೂ ನಡೆಯುವ ಯೂನಿಕೋಡ್‌ನಲ್ಲಿ. ತೆರೆದ ಕೂಡಲೇ ಒತ್ತಕ್ಷರಗಳೆಲ್ಲ ಬಿಚ್ಚಿಕೊಂಡವು. ‘ಚಿಕ್ಕ’ ಹೋಗಿ ‘ಚಿಕ್‌ಕ’ ಆಯಿತು. ಪದಬಂಧದಲ್ಲಿ ಒಂದು ಮನೆಗೆ ಒಂದು ಅಕ್ಷರ, ಒತ್ತು ಗುಣಿತ ಎಲ್ಲ ಸೇರಿ. ಒತ್ತು ಬೇರೆಯಾದರೆ ಮನೆಗಳ ಲೆಕ್ಕವೇ ತಪ್ಪುತ್ತದೆ. ಆಪರೇಟರ್ ಒಳ್ಳೆಯವರು. “ಅಕ್ಷರನೆಲ್ಲ ಕರ್ವ್ಸ್ ಮಾಡಿ ಪಿಡಿಎಫ್ ತನ್ನಿ ಮೇಡಂ, ಆಮೇಲೆ ಏನೂ ಅಲ್ಲಾಡಲ್ಲ” ಅಂದರು. ಅಕ್ಷರಗಳನ್ನು ಫಾಂಟು ಬೇಡದ ಚಿತ್ರದ ಗೆರೆಗಳಾಗಿ ಬದಲಾಯಿಸುವುದಕ್ಕೆ ಕರ್ವ್ಸ್ ಅನ್ನುತ್ತಾರೆ. ಮರುದಿನ ಹಾಗೇ ಒಯ್ದೆ. ಒಂದಕ್ಷರವೂ ಅಲ್ಲಾಡಲಿಲ್ಲ.

ನವೆಂಬರ್ 2

ರಾಜ್ಯೋತ್ಸವದ ದಿನ ನಮ್ಮ ಬಡಾವಣೆಯ 1,000 ಮನೆಗೆ ಪೇಪರಿನ ಜೊತೆ ಪಾಂಪ್ಲೆಟ್ ಹೋಯಿತು. ಹೊಳೆಯುವ ಆರ್ಟ್ ಪೇಪರ್, ನಾಲ್ಕು ಬಣ್ಣ, ಮಧ್ಯದಲ್ಲಿ ಕ್ಯೂಆರ್ ಕೋಡ್. ಅಂದು ಆ ಪೇಪರಿನಲ್ಲಿ ಇನ್ನೂ ನಾಲ್ಕು ಪಾಂಪ್ಲೆಟ್ ಇದ್ದವು. ಸ್ಕ್ಯಾನ್ ಮಾಡಿದವರು 9 ಜನ, ಪೂರ್ತಿ ಬಿಡಿಸಿದವರು 2. ಅಚ್ಚು, ಹಂಚಿಕೆ ಎರಡೂ ಸೇರಿ 3,400 ಖರ್ಚು.

ಆ ಒಂದು ಪಾಂಪ್ಲೆಟ್ ಹಿಡಿದು ಅಮ್ಮ ಪೆನ್ನಿನಲ್ಲಿ ಏನೋ ಬರೆಯಲು ಹೋದರು. ಇಂಕು ಜಾರಿ ಬೆರಳಿಗೆ ಮೆತ್ತಿತು. “ಇದರ ಮೇಲೆ ಬರೆಯೋಕೇ ಆಗಲ್ವಲ್ಲೇ” ಅಂದರು. ನನಗೆ ಹೊಳೆದದ್ದು ಆಗ. ಪದಬಂಧದ ತಾಣ ಇದೆ ಅಂತ ಹೇಳುವ ಕಾಗದವನ್ನು ಯಾಕೆ ಕೊಡಬೇಕು? ಪದಬಂಧವನ್ನೇ ಕೊಡಬಹುದಲ್ಲ!

ನವೆಂಬರ್ 9

ಹೊಸ ಹಾಳೆ ತಯಾರಾಯಿತು. 70 ಜಿಎಸ್‌ಎಂ ತೂಕದ ಮ್ಯಾಪ್‌ಲಿತೋ, ಅಂದರೆ ಹೊಳಪಿಲ್ಲದ ಕಾಗದ, ಒಂದೇ ಬಣ್ಣ, ಪೆನ್ನು ಪೆನ್ಸಿಲ್ ಎರಡಕ್ಕೂ ಹಿಡಿಯುತ್ತದೆ. ಏಳಕ್ಕೆ ಏಳು ಮನೆಯ ಪುಟ್ಟ ಪದಬಂಧ. ಸುಳಿವುಗಳೆಲ್ಲ ತಿಂಡಿಯ ಬಗ್ಗೆ, ಯಾಕೆಂದರೆ ಇದು ದರ್ಶಿನಿಗಾಗಿ. ‘ಸಿಹಿ ಖಾರ ಒಂದೇ ತಟ್ಟೆಯಲ್ಲಿ (4)’. ‘ಒಂದು ಕಾಫಿ, ಎರಡು ಲೋಟ (2)’. ‘ಹೊಟ್ಟೆಯೊಳಗೆ ಕೆಂಪು ಚಟ್ನಿ, ಪಲ್ಯ (5)’. ಉತ್ತರ ಸರಿಯೋ ಅಂತ ನೋಡಬೇಕಾದರೆ ಕೆಳಗಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಬೇಕು.

ತಾಣದ ಹೆಸರನ್ನು ಬಾಯಲ್ಲಿ ಹೇಳಿದರೆ ಜನ ನಾಲ್ಕು ಥರ ಸ್ಪೆಲ್ಲಿಂಗ್ ಬರೆಯುತ್ತಾರೆ, ದ ಎಲ್ಲಿ ಧ ಎಲ್ಲಿ ಅಂತ. ಹಾಗಾಗಿ ಕ್ಯೂಆರ್ ಬೇಕೇ ಬೇಕು. 1994ರಲ್ಲಿ ಜಪಾನಿನ ಡೆನ್ಸೊ ಕಂಪನಿಯಲ್ಲಿ ಕಾರಿನ ಬಿಡಿಭಾಗಗಳ ಲೆಕ್ಕ ಇಡಲು ಹುಟ್ಟಿದ್ದು ಇದು. ಕೊಳೆಯಾದರೂ ಓದಲು ಬರಬೇಕು ಅಂತಲೇ ಮಾಡಿದ್ದು. ಅದರಲ್ಲಿ ನಾಲ್ಕು ಮಟ್ಟ ಇವೆ. ಎಲ್ಲಕ್ಕಿಂತ ಮೇಲಿನ ಮಟ್ಟದಲ್ಲಿ ಸುಮಾರು 30% ಹಾಳಾದರೂ ಫೋನು ಓದಬಲ್ಲದು. ದರ್ಶಿನಿಯ ಟೇಬಲ್ಲಿಗೆ ನಾನು ಅದನ್ನೇ ಆರಿಸಿದೆ. ಆದರೆ ಮಟ್ಟ ಏರಿದಷ್ಟೂ ಚುಕ್ಕಿಗಳು ಒತ್ತೊತ್ತಾಗುತ್ತವೆ. ಅದಕ್ಕೆ ತಮ್ಮ ಲಿಂಕನ್ನು ಆದಷ್ಟು ಚಿಕ್ಕದು ಮಾಡಿದ. ಪ್ರತಿ ಜಾಗಕ್ಕೂ ಬೇರೆ ಬೇರೆ ಕೋಡ್. ಲಿಂಕಿನ ಹಿಂದೆ ಯುಟಿಎಂ ಗುರುತು ಇರುವುದರಿಂದ ಯಾರು ಎಲ್ಲಿಂದ ಬಂದರು ಅಂತ ಗೊತ್ತಾಗುತ್ತದೆ.

ನವೆಂಬರ್ 24

ಬಸವನಗುಡಿಯ ಒಂದು ದರ್ಶಿನಿಯವರನ್ನು ಕೇಳಿದೆ. ಮಾಲೀಕರು ಹಾಳೆಯನ್ನು ತಿರುಗಿಸಿ ನೋಡಿ, ಮಸಾಲೆದೋಸೆಯ ಸುಳಿವು ಓದಿ, “ಕೌಂಟರ್ ಪಕ್ಕ ಇಡಿ” ಅಂದರು. ಎರಡು ವಾರಕ್ಕೆ 200 ಹಾಳೆ ಖಾಲಿ. ಸ್ಕ್ಯಾನ್ 61, ಪೂರ್ತಿ ಬಿಡಿಸಿದವರು 38, ಮುಂದಿನ ಭಾನುವಾರ ಮತ್ತೆ ಬಂದವರು 17. ಇಲ್ಲಿಯವರೆಗೆ ಯಾವುದರಲ್ಲೂ ಇಷ್ಟು ಬಂದಿರಲಿಲ್ಲ.

ಮೊನ್ನೆ ಬೆಳಗ್ಗೆ ಸುಮ್ನೆ ಕಾಫಿಗೆ ಹೋಗಿದ್ದೆ. ನಿಂತು ತಿನ್ನುವ ಕಲ್ಲಿನ ಟೇಬಲ್ಲಿನ ಮೇಲೆ ಒಂದು ಹಾಳೆ ಬಿದ್ದಿತ್ತು. ಮೂಲೆಯಲ್ಲಿ ಕಾಫಿ ಲೋಟದ ದುಂಡು ಕಲೆ. ಎರಡು ಬಗೆಯ ಕೈಬರಹ, ನೀಲಿ ಇಂಕಿನಲ್ಲಿ ಒಂದು, ಪೆನ್ಸಿಲಿನಲ್ಲಿ ಇನ್ನೊಂದು. ‘ಚೌಚೌಬಾತ್’ ನೀಲಿಯಲ್ಲಿತ್ತು. ಅದರ ‘ಬಾ’ ಹಿಡಿದುಕೊಂಡು ಕೆಳಗೆ ‘ಬಾದಾಮಿ’ ಪೆನ್ಸಿಲಿನಲ್ಲಿ. ಮೊದಲು ಒಬ್ಬರು ಬಿಟ್ಟು ಹೋದದ್ದನ್ನು ಇನ್ನೊಬ್ಬರು ಎತ್ತಿಕೊಂಡಿದ್ದಾರೆ! ನನ್ನ ಫೋನು ಹಿಡಿದು ನೋಡಿದೆ, ಆ ಕಲೆಯ ಮೇಲೂ ಕೋಡ್ ಓದಿತು. ಹಾಳೆಯನ್ನು ಮನೆಗೆ ತಂದು ಅಮ್ಮನಿಗೆ ಕೊಟ್ಟೆ. ಅವರು ಅದನ್ನು ತಮ್ಮ ನಿಘಂಟಿನೊಳಗೆ ಇಟ್ಟುಕೊಂಡಿದ್ದಾರೆ.

ಡಿಸೆಂಬರ್ 6

ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆಗೂ 300 ಹಾಳೆ ಒಯ್ದಿದ್ದೆವು. ಅಲ್ಲಿ ಜನವೇನೋ ಬೇಕಾದಷ್ಟು. ಆದರೆ ಒಂದು ಕೈಯಲ್ಲಿ ಕಡಲೆಕಾಯಿ ಪೊಟ್ಟಣ, ಇನ್ನೊಂದರಲ್ಲಿ ಮಗುವಿನ ಕೈ. ಹಾಳೆ ತೆಗೆದುಕೊಂಡವರು ಹತ್ತು ಹೆಜ್ಜೆ ದಾಟುವಷ್ಟರಲ್ಲಿ ಕೆಳಗೆ ಬಿಡುತ್ತಿದ್ದರು. ಅಮ್ಮನ ಸುಳಿವುಗಳ ಮೇಲೆ ಕಾಲುಗಳು ಓಡಾಡುವುದು ನೋಡಲಾಗಲಿಲ್ಲ. ನೂರು ಹಂಚುವಷ್ಟರಲ್ಲಿ ನಿಲ್ಲಿಸಿ, ಬಿದ್ದದ್ದನ್ನೆಲ್ಲ ನಾನೂ ತಮ್ಮನೂ ಆರಿಸಿಕೊಂಡು ಬಂದೆವು. ಅಲ್ಲಿಂದ ಬಂದ ಸ್ಕ್ಯಾನ್ 4. ಕೈ ಖಾಲಿ ಇದ್ದು, ಹತ್ತು ನಿಮಿಷ ಕಾಯುವ ಜಾಗ ಬೇಕು. ಕಟಿಂಗ್ ಶಾಪ್, ಕ್ಲಿನಿಕ್ಕಿನ ಬೆಂಚು, ಗ್ಯಾರೇಜು, ಇವನ್ನು ಪಟ್ಟಿ ಮಾಡಿಕೊಂಡಿದ್ದೇನೆ.

ವಾಟ್ಸ್ಆ್ಯಪ್‌ನಲ್ಲೂ ಒಂದು ಬದಲಾವಣೆ. ಮೊದಲು ಲಿಂಕ್ ಕಳಿಸಿದರೆ ಬರೀ ವಿಳಾಸ ಕಾಣುತ್ತಿತ್ತು. ಈಗ ಲಿಂಕಿನ ಜೊತೆ ಆ ವಾರದ ಒಂದು ಸುಳಿವು, ಖಾಲಿ ಮನೆಗಳ ಚಿತ್ರ ಬರುವ ಹಾಗೆ ತಮ್ಮ ಮಾಡಿದ್ದಾನೆ. ಅಪಾರ್ಟ್‌ಮೆಂಟ್ ಗುಂಪಿನಲ್ಲಿ ಜನ ಅಲ್ಲೇ ಉತ್ತರ ಹೇಳಲು ಶುರು ಮಾಡಿ, ಆಮೇಲೆ ಒಳಗೆ ಬರುತ್ತಿದ್ದಾರೆ.

ಡಿಸೆಂಬರ್ 20

ಇನ್ನು 2,600 ರೂಪಾಯಿ ಇದೆ. ಗೂಗಲ್‌ಗೆ ತಿಂಗಳಿಗೆ 500ರಂತೆ ಹಾಕುತ್ತೇನೆ, ಹುಡುಕಿಕೊಂಡು ಬರುವವರಿಗೆ ಮಾತ್ರ. ಉಳಿದದ್ದು ಹಾಳೆಗೆ. ದರ್ಶಿನಿಯ ಕ್ಯಾಷಿಯರ್ ನಿನ್ನೆ ಫೋನ್ ಮಾಡಿದ್ದರು. ದಿನಾ ಬರುವ ಗಿರಾಕಿಗಳು ಹಳೆಯದನ್ನೆಲ್ಲ ಮುಗಿಸಿದ್ದಾರಂತೆ, ಹೊಸದು ಯಾವಾಗ ಅಂತ ಕೇಳುತ್ತಿದ್ದಾರಂತೆ. ಅಮ್ಮ ಬೆಳಗ್ಗೆಯಿಂದ ಟೇಬಲ್ ಬಿಟ್ಟು ಎದ್ದಿಲ್ಲ. ‘ಉಪ್ಪಿಟ್ಟು’ ಮೂರೇ ಮನೆ, ಅದಕ್ಕೆ ಅಡ್ಡ ಹೋಗುವ ‘ಪ್ಪಿ’ ಇರುವ ಪದ ಇನ್ನೂ ಸಿಕ್ಕಿಲ್ಲ. ಸೋಮವಾರ ಬೆಳಗ್ಗೆ ಫೈಲ್ ಪ್ರೆಸ್ಸಿಗೆ ಹೋಗಬೇಕು.