ಹರಳು ಕೆಟ್ಟಿದೆ ಅಂತ ಮೇಲ್ ಕಳಿಸಿದ ದಿನ

ಲೆಡ್ ಟಂಗ್‌ಸ್ಟೇಟ್ ಹರಳನ್ನು ಮೊದಲ ಸಲ ಎತ್ತಿದಾಗ ಕೈ ಜಗ್ಗಿತ್ತು. ನೋಡೋಕೆ 23 ಸೆಂಟಿಮೀಟರ್ ಉದ್ದದ ಗಾಜಿನ ತುಂಡು, ತೂಕ ಮಾತ್ರ ಒಂದು ಕೆಜಿಗೂ ಜಾಸ್ತಿ. ಕಬ್ಬಿಣಕ್ಕಿಂತ ಸಾಂದ್ರ. ಜಿನೀವಾ ಹತ್ತಿರದ ಕಣ-ಭೌತಶಾಸ್ತ್ರ ಪ್ರಯೋಗಾಲಯ ಸರ್ನ್‌ನ ಸಿಎಂಎಸ್ ಡಿಟೆಕ್ಟರಿನಲ್ಲಿ ಈ ಜಾತಿಯ ಹರಳುಗಳು 75,848 ಇವೆ, 2012ರಲ್ಲಿ ಹಿಗ್ಸ್ ಕಣ ಎರಡು ಫೋಟಾನ್ (ಬೆಳಕಿನ ಕಣ) ಆಗಿ ಒಡೆದದ್ದನ್ನು ಅಲ್ಲಿ ಅಳೆದದ್ದು ಇವೇ. ನನ್ನದು ಅಷ್ಟು ದೊಡ್ಡ ಕೆಲಸವಲ್ಲ ಬಿಡಿ. ಹರಳನ್ನು ಕಪ್ಪು ಪೆಟ್ಟಿಗೆಯಲ್ಲಿ ಮಲಗಿಸಿ, ಪಕ್ಕಕ್ಕೆ ವಿಕಿರಣ ಸೂಸುವ ಕೋಬಾಲ್ಟ್-60 ಇಟ್ಟು, ಆ ವಿಕಿರಣ ಬಡಿದಾಗ ಹರಳಿಂದ ಎಷ್ಟು ಬೆಳಕು ಬಂತು ಅಂತ ಬರೆದಿಡೋದು.

ಬೆಳಕು ಅಂದ್ರೆ ಕಣ್ಣಿಗೆ ಕಾಣುವಷ್ಟಲ್ಲ. ಒಂದು ಎಂಇವಿ (ಕಣಗಳ ಶಕ್ತಿ ಅಳೆಯುವ ಮಾನ) ಶಕ್ತಿಗೆ ಸೋಡಿಯಂ ಅಯೋಡೈಡ್ ಅನ್ನೋ ಇನ್ನೊಂದು ಹರಳು ಸುಮಾರು 40,000 ಫೋಟಾನ್ ಕೊಟ್ಟರೆ ಇದು ಕೊಡೋದು ನೂರರ ಲೆಕ್ಕದಲ್ಲಿ. ಅದರಲ್ಲೂ ಬೆಳಕು ಹಿಡಿಯುವ ಫೋಟೋಟ್ಯೂಬಿಗೆ ಸಿಗೋದು ಹತ್ತರ ಆಸುಪಾಸು. ಇಂಥ ಜಿಪುಣನನ್ನು ಯಾಕೆ ಆರಿಸಿದರು ಅಂದ್ರೆ, ಬಹುಪಾಲು ಬೆಳಕು 25 ನ್ಯಾನೋಸೆಕೆಂಡಿನಲ್ಲೇ ಬಂದು ಮುಗಿಯುತ್ತೆ.

ಆ ಸೋಮವಾರ ಒಂದು ಹರಳು ಇರಬೇಕಾದ್ದಕ್ಕಿಂತ ಎಂಟು ಪರ್ಸೆಂಟ್ ಕಡಿಮೆ ಬೆಳಕು ತೋರಿಸಿತು. ಹರಳನ್ನು ಟ್ಯೂಬಿಗೆ ಕೂರಿಸೋಕೆ ಹಚ್ಚುವ ಗ್ರೀಸಿನಲ್ಲಿ ಗುಳ್ಳೆ ಇರಬೇಕು ಅಂದ್ಕೊಂಡೆ. ಹರಳಿಗೂ ಟ್ಯೂಬಿಗೂ ನಡುವೆ ಒಂದು ಸಣ್ಣ ಗಾಳಿಗುಳ್ಳೆ ಸಿಕ್ಕಿಕೊಂಡರೂ ಬೆಳಕು ಒಳಕ್ಕೇ ವಾಪಸ್ ಹೋಗುತ್ತೆ. ಮುಚ್ಚಳ ತೆಗೆದು, ಒರೆಸಿ, ಹೊಸದಾಗಿ ಹಚ್ಚಿ, ತಿರುಗಿಸಿ ತಿರುಗಿಸಿ ಒತ್ತಿದೆ. ಮತ್ತೆ ಕಡಿಮೆ! ಟೆಫ್ಲಾನ್ ಸುತ್ತು ಬಿಚ್ಚಿ ಮತ್ತೆ ಸುತ್ತಿದೆ. ಊಹುಂ. ಮಧ್ಯಾಹ್ನದ ಹೊತ್ತಿಗೆ ಬೇಜಾರಾಗಿ 'ಈ ಹರಳು ಕೆಟ್ಟಿದೆ' ಅಂತ ಗುಂಪಿಗೆಲ್ಲ ಮೇಲ್ ಹಾಕಿಬಿಟ್ಟೆ.

ಸೀನಿಯರ್ ಒಬ್ಬರು ಕಾಫಿ ಹಿಡ್ಕೊಂಡು ಬಂದು ಕೇಳಿದ್ದು ಒಂದೇ ಪ್ರಶ್ನೆ: "ಒಳಗಿಟ್ಟ ಮೇಲೆ ಎಷ್ಟು ಹೊತ್ತು ಕಾದ್ರಿ?"

ಹತ್ತು ನಿಮಿಷ. ಪೆಟ್ಟಿಗೆಯ ಥರ್ಮಾಮೀಟರ್ 18 ಡಿಗ್ರಿ ತೋರಿಸುತ್ತಿತ್ತು, ಸರಿ, ಆದ್ರೆ ಅದು ಗಾಳಿಯದ್ದು. ಹರಳು 22 ಡಿಗ್ರಿ ರೂಮಿನಿಂದ ಬಂದಿತ್ತು, ಒಂದು ಕೆಜಿ ವಸ್ತು ಅಷ್ಟು ಬೇಗ ತಣ್ಣಗಾಗುತ್ತಾ? ಈ ಹರಳಿಗೆ ಒಂದು ಡಿಗ್ರಿ ಏರಿದರೆ ಬೆಳಕು ಸುಮಾರು ಎರಡು ಪರ್ಸೆಂಟ್ ಇಳಿಯುತ್ತೆ. ನಾಲ್ಕೆರಡ್ಲ ಎಂಟು. ಸಿಎಂಎಸ್‌ನವರು 0.05 ಡಿಗ್ರಿಯೂ ಆಚೀಚೆ ಆಗದ ಹಾಗೆ ನೀರು ಹರಿಸಿ ತಣ್ಣಗಿಡೋದು ಸುಮ್ನೆ ಅಲ್ಲ. ನಾನೋ, ಗ್ರೀಸ್ ನೆಪದಲ್ಲಿ ಪ್ರತಿ ಸಲ ಮುಚ್ಚಳ ತೆಗೆದು ಮತ್ತೆ ಬಿಸಿ ಮಾಡ್ತಾ ಇದ್ದೆ.

ರಾತ್ರಿಯಿಡೀ ಮುಟ್ಟದೆ ಬಿಟ್ಟೆ. ಬೆಳಿಗ್ಗೆ ನೋಡಿದರೆ ಎಂಟೂ ಪರ್ಸೆಂಟ್ ವಾಪಸ್. ಮೇಲ್ ಮಾತ್ರ ವಾಪಸ್ ಬರಲಿಲ್ಲ. ಅದಕ್ಕೆ ಅಷ್ಟರಲ್ಲಿ ಮೂವರು ಉತ್ತರ ಬರೆದಿದ್ದರು, ಒಬ್ಬರಂತೂ ಬದಲಿ ಹರಳು ಹುಡುಕಿಯೂ ಇಟ್ಟಿದ್ದರು.