ಕಕ್ಕಡದ ಮಳೆಯಲ್ಲಿ ಮನೆ ನೋಡಿ

ಹೋದ ವಾರ ಚಿಕ್ಕಪ್ಪನ ಮಗ ಫೋನ್ ಮಾಡಿದ್ದ. ಕಾಫಿಗೆ ಒಳ್ಳೆ ರೇಟು ಸಿಕ್ಕಿದೆ, ಮಡಿಕೇರಿಯಲ್ಲಿ ಒಂದು ಮನೆ ತಗೊಂಡು ಬಾಡಿಗೆಗೆ ಬಿಡೋಣ ಅಂತಿದ್ದೇನೆ, ಏನಂತೀಯ ಅಣ್ಣ ಎಂದ. ಮನೆ ಯಾವಾಗ ನೋಡಿದೆ ಎಂದು ಕೇಳಿದೆ. ಫೆಬ್ರವರಿಯಲ್ಲಂತೆ. ಈಗಲೇ ಮುಂಗಡ ಕೊಡಬೇಡ, ಕಕ್ಕಡ ಬರಲಿ ಎಂದೆ. ಕಕ್ಕಡ ಅಂದರೆ ನಮ್ಮ ಕೊಡಗಿನ ಜಡಿಮಳೆಯ ತಿಂಗಳು, ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ.

ನಾನು ಮೊದಲ ಮನೆ ತಗೊಂಡಿದ್ದು ಮಾರ್ಚ್‌ನಲ್ಲಿ. ಹೊಸ ಬಣ್ಣ, ಅಂಗಳದ ತುಂಬ ಬಿಸಿಲು. ಜೂನ್ ಕೊನೆಗೆ ಮಲಗುವ ಕೋಣೆಯ ಮೂಲೆಯಲ್ಲಿ ತೇವ ಕಾಣಿಸಿತು, ಕಕ್ಕಡದ ಹೊತ್ತಿಗೆ ಬೀರುವಿನ ಬಟ್ಟೆಗೂ ಬೂಷ್ಟು ಹಿಡಿದಿತ್ತು. ಬಾಡಿಗೆಗಿದ್ದವರಿಗೆ ಚಿಕ್ಕ ಮಗು. ಅದರ ಕೆಮ್ಮು ಬಿಡಲೇ ಇಲ್ಲ, ಪಾಪ, ಖಾಲಿ ಮಾಡಿ ಹೋದರು. ಅಡ್ವಾನ್ಸ್ ಪೂರ್ತಿ ವಾಪಸ್ ಕೊಟ್ಟು, ಆರ್‌ಸಿಸಿ ತಾರಸಿ ಮೇಲೆ ಶೀಟು ಹಾಕಿಸಿ, ಗೋಡೆ ಒಣಗಿ ಇನ್ನೊಬ್ಬರು ಬರುವಷ್ಟರಲ್ಲಿ ಒಂದು ವರ್ಷದ ಬಾಡಿಗೆಗಿಂತ ಜಾಸ್ತಿ ಖರ್ಚಾಗಿತ್ತು.

ಅದಕ್ಕೇ ಹೇಳುತ್ತೇನೆ, ನಾಲ್ಕು ದಿನ ಬಿಡದೆ ಮಳೆ ಹೊಡೆದ ಮೇಲೆ ಹೋಗಿ ನೋಡಿ. ಗೋಡೆ ಮುಟ್ಟಿ ನೋಡಿ. ಮನೆ ಹಿಂದಿನ ಬರೆ, ಅಂದರೆ ಮಣ್ಣಿನ ದಿಬ್ಬ, ಎಷ್ಟು ಎತ್ತರಕ್ಕಿದೆ, ಅದನ್ನು ನೇರಕ್ಕೆ ಕಡಿದಿದ್ದಾರಾ, ಮೇಲಿನಿಂದ ಬರುವ ನೀರು ಎಲ್ಲಿಗೆ ಹೋಗುತ್ತದೆ, ಇಷ್ಟನ್ನೂ ಕೊಡೆ ಹಿಡಿದು ನಿಂತು ಗಮನಿಸಿ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದು ಏನಾಯಿತು ಅಂತ ನಮಗ್ಯಾರಿಗೂ ಹೇಳಬೇಕಿಲ್ಲ. ಕುಶಾಲನಗರದಲ್ಲಿ ಮಳೆ ಕಮ್ಮಿ ಅಂತ ಅಲ್ಲಿ ತಗೊಳ್ಳುವವರು ಬಹಳ. ಆದರೆ 2018ರಲ್ಲೂ 2019ರಲ್ಲೂ ಕಾವೇರಿ ನೀರು ಅಲ್ಲಿನ ಬಡಾವಣೆಗಳ ಒಳಗೇ ಬಂದಿತ್ತು. ಆಗ ನೀರು ಎಲ್ಲಿ ತನಕ ನಿಂತಿತ್ತು ಅಂತ ಪಕ್ಕದ ಮನೆಯವರನ್ನು ಕೇಳಿ, ಮಾರುವವರನ್ನಲ್ಲ.

ಲೆಕ್ಕಾನೂ ಮಳೆ ಸೇರಿಸಿಯೇ ಹಾಕಿ. 40 ಲಕ್ಷದ ಮನೆಗೆ ತಿಂಗಳಿಗೆ 12,000 ಬಾಡಿಗೆ ಬಂತು ಅಂದುಕೊಳ್ಳಿ. ವರ್ಷಕ್ಕೆ 1,44,000. ಒಂದು ತಿಂಗಳು ಖಾಲಿ, ಪಾಚಿ ತೆಗೆಸಿ ಬಣ್ಣ ಹೊಡೆಸೋದು, ಕಂದಾಯ, ಎಲ್ಲ ಕಳೆದರೆ ಕೈಗೆ 1,10,000 ಉಳಿದರೆ ಪುಣ್ಯ. 30 ಲಕ್ಷ ಸಾಲ ಮಾಡಿದ್ದರೆ 8.5% ಲೆಕ್ಕದಲ್ಲಿ ಮೊದಲ ವರ್ಷದ ಬಡ್ಡಿಯೇ ಎರಡೂವರೆ ಲಕ್ಷ. ಬಾಡಿಗೆಯಲ್ಲೇ ಇಎಂಐ ಕಟ್ಟಬಹುದು ಅನ್ನುವವರ ಮುಂದೆ ಈ ಲೆಕ್ಕ ಇಡಿ. ಒಂದು ಸಮಾಧಾನ ಇದೆ: ಮನೆ ಕಂದಾಯ ಕಳೆದು ಉಳಿದ ಬಾಡಿಗೆಯಲ್ಲಿ 30% ಭಾಗಕ್ಕೆ ಆದಾಯ ತೆರಿಗೆ ಇಲ್ಲ, ಅದಕ್ಕೆ ರಿಪೇರಿ ಬಿಲ್ಲು ತೋರಿಸುವುದೂ ಬೇಡ.

ಕಾಗದಪತ್ರದಲ್ಲಿ ಇಸಿ (ಜಾಗದ ಮೇಲಿನ ಋಣಭಾರ ಪತ್ರ), ಖಾತೆ, ಕನ್ವರ್ಷನ್ ಆದೇಶ (ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸಿದ್ದು) ಎಲ್ಲ ಕಡೆಯೂ ನೋಡುವಂಥದ್ದೇ. ನಮ್ಮಲ್ಲಿ ಇನ್ನೊಂದಿದೆ, ಜಮ್ಮಾ, ಅಂದರೆ ಕುಟುಂಬಕ್ಕೆ ತಲೆಮಾರಿನಿಂದ ಬಂದ ಹಳೇ ಹಿಡುವಳಿ ಜಮೀನು. ಆರ್‌ಟಿಸಿಯಲ್ಲಿ (ಪಹಣಿ) ಪಟ್ಟೆದಾರರ, ಅಂದರೆ ಮನೆತನದ ಹಿರಿಯರ, ಜೊತೆ ಒಕ್ಕದ (ಮನೆತನದ) ಎಷ್ಟೋ ಜನರ ಹೆಸರಿರುತ್ತದೆ, ಕೆಲವರು ತೀರಿಕೊಂಡಿರುತ್ತಾರೆ, ಅವರ ಮಕ್ಕಳು ಎಲ್ಲೆಲ್ಲೋ ಇರುತ್ತಾರೆ. ಮಾರುವವರು ಎಷ್ಟೇ ಒಳ್ಳೆಯವರಾದರೂ ಇಲ್ಲಿನ ಜಮೀನು ವ್ಯವಹಾರ ಗೊತ್ತಿರುವ ವಕೀಲರಿಗೆ ತೋರಿಸದೆ ಒಂದು ರೂಪಾಯಿಯೂ ಕೊಡಬೇಡಿ.

ಹೋಂಸ್ಟೇ ಮಾಡಿದರೆ ಜಾಸ್ತಿ ಬರುತ್ತದಲ್ವಾ ಅಂತಾನೂ ತಮ್ಮ ಕೇಳಿದ. ಅದು ಬೇರೆಯೇ ಕಸುಬು, ದಿನಾ ಹತ್ತಿರ ನಿಂತು ನೋಡಿಕೊಳ್ಳಬೇಕು. ಮೊದಲ ಸಲಕ್ಕೆ ಮೆಡಿಕಲ್ ಕಾಲೇಜಿನವರು, ಟೀಚರ್‌ಗಳು, ವರ್ಗವಾಗಿ ಬಂದ ಬ್ಯಾಂಕಿನವರು ಸಾಕು. 11 ತಿಂಗಳ ಕರಾರು ಮಾಡಿಕೊಂಡು ಕೊಡಿ.

ಮಾರುವವರು ಅಷ್ಟು ದಿನ ಕಾಯುವುದಿಲ್ಲ ಅಂತಿದ್ದಾರಂತೆ. ಕಾಯದಿದ್ದರೆ ಆ ಮನೆ ಬಿಟ್ಟುಬಿಡು ಎಂದಿದ್ದೇನೆ.